ಇಬ್ಬರ ಹೆಸರಿನ ಲೈಸೆನ್ಸು

ಹೆಂಡತಿ ಮಕ್ಸೂದಾಳನ್ನು ಮಣ್ಣು ಮಾಡಿ ಬಂದ ಖಾದರ್ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಚೈತನ್ಯಾ ಬಂದು ನಿಂತಳು. ಅಮೆರಿಕದ ಈ ರಾಲಿ ಊರಲ್ಲೇ ಹುಟ್ಟಿದ ಕನ್ನಡದ ಹುಡುಗಿ. ಕೌಂಟಿ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಮಕ್ಕಳ ರಕ್ಷಣಾ ಕಚೇರಿಯಲ್ಲಿ ಕೆಲಸ. ಹೆತ್ತವರಿಂದ ಬೇರ್ಪಟ್ಟ ಮಕ್ಕಳನ್ನು ಮಕ್ಸೂದಾಳ ಮಡಿಲಿಗೆ ತಂದು ಬಿಡುತ್ತಿದ್ದವಳು ಇವಳೇ. ಸದ್ಯಕ್ಕೆ ಮನೆಯಲ್ಲಿದ್ದ ಮಗು ಏಳು ವರ್ಷದ ಕೈಲಾ.

"ಅಂಕಲ್, ಇವತ್ತು ಕೇಳಬಾರದು, ಬಟ್ ಕೇಳ್ಲೇಬೇಕು. ಕೈಲಾನ ಇಟ್ಕೋತೀರಾ?"

"ಆಫೀಸಲ್ಲಿ ಹೇಳಿದ ಹಾಗೆ ಮಾಡಮ್ಮ. ಅದೆಲ್ಲ ಅವಳ ಡಿಪಾರ್ಟ್‌ಮೆಂಟು."

"ಮಕ್ಕಳನ್ನ ಇಟ್ಕೊಳ್ಳೋ ಲೈಸೆನ್ಸ್ ನಿಮ್ಮಿಬ್ಬರ ಹೆಸರಲ್ಲೂ ಇದೆ. ನಮ್ಮ ಕೌಂಟಿಯಲ್ಲಿ ಬೇರೆ ಮನೆ ಖಾಲಿ ಇಲ್ಲ. ನೀವು ಬೇಡ ಅಂದ್ರೆ ದೂರದ ಕೌಂಟಿಗೆ ಕಳಿಸಬೇಕು. ಸ್ಕೂಲ್ ಚೇಂಜ್ ಆಗುತ್ತೆ. ಹೆತ್ತಮ್ಮನ್ನ ನೋಡೋದೂ ಕಷ್ಟ."

ಖಾದರ್ ನಲ್ಲಿ ನಿಲ್ಲಿಸಿದರು. ಆ ಲೈಸೆನ್ಸಿನ ತರಬೇತಿಗೆ ಹೋಗಿದ್ದೇನೋ ನಿಜ. ಹಿಂದಿನ ಸಾಲಿನಲ್ಲಿ ತೂಕಡಿಸಿದ್ದರು. ಹೆಂಡತಿ ತೋರಿಸಿದ ಕಡೆ ಸಹಿ ಹಾಕಿದ್ದರು, ಅಷ್ಟೇ.

*

ಹೋದ ವರ್ಷ ಕೌಂಟಿ ಆಸ್ತಿ ತೆರಿಗೆ ಏರಿಸಿದಾಗ ಅವರ ಗೊಣಗಾಟ ಬೀದಿಗೆಲ್ಲ ಕೇಳಿಸುತ್ತಿತ್ತು.

"ಮಕ್ಕಳ ರಕ್ಷಣೆ ಕಾನೂನು ರಾಜ್ಯದ್ದು ರೀ," ಎಂದಿದ್ದಳು ಮಕ್ಸೂದಾ. "ದುಡ್ಡು ಸ್ವಲ್ಪ ವಾಷಿಂಗ್ಟನ್‌ದು, ಸ್ವಲ್ಪ ರಾಜ್ಯದ್ದು. ಕೊರತೆ ಬಿದ್ದಿದ್ದೆಲ್ಲ ಕೌಂಟಿ ತಲೆ ಮೇಲೆ. ಚೈತನ್ಯಾ ಸಂಬಳದಲ್ಲಿ ನಿಮ್ಮ ಟ್ಯಾಕ್ಸೂ ಇದೆ. ಗೊಣಗೋದಾದ್ರೆ ಮೀಟಿಂಗಿಗೆ ಬಂದು ಗೊಣಗಿ."

ಕೌಂಟಿ ಬಜೆಟ್ ಸಭೆಯಲ್ಲಿ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಚೈತನ್ಯಾಳ ಜೊತೆಗೆ ಕೆಲಸಕ್ಕೆ ಇನ್ನೊಬ್ಬರನ್ನು ಕೊಡಿ ಎಂದು ಮಕ್ಸೂದಾ ಒಳಗೆ ಕೇಳುತ್ತಿದ್ದಾಗ, ಖಾದರ್ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು.

"ಕೊಡಲ್ವಂತೆ. ಮುಂದಿನ ವರ್ಷ ಮತ್ತೆ ಕೇಳ್ತೀನಿ," ಎಂದು ಕಾರು ಹತ್ತಿ ಸೀಟ್ ಬೆಲ್ಟ್ ಹಾಕಿಕೊಂಡಳು. "ಆಗ ನೀವೂ ಒಳಗೆ ಬನ್ನಿ."

*

ಖಾದರ್ ಹಿತ್ತಲಿಂದ ಮನೆಯೊಳಗೆ ಬಂದಾಗ, ಅಲ್ಫರೆಟಾ ಊರಿಂದ ಬಂದಿದ್ದ ಅವರ ತಂಗಿ ನಾಯಿಲಾ ನೆಂಟರಿಗೆ ಜಾಗ ಮಾಡಲೆಂದು ಕೈಲಾಳ ಬಟ್ಟೆಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು.

"ಹೇಗೂ ಕರ್ಕೊಂಡು ಹೋಗ್ತಾರಲ್ಲ ಅಣ್ಣ, ಪ್ಯಾಕ್ ಮಾಡಿಟ್ಟೆ."

ಸೂಟ್‌ಕೇಸ್ ಪಕ್ಕದಲ್ಲಿ ಕೈಲಾ ಶೂ, ಜಾಕೆಟ್ ಹಾಕಿಕೊಂಡು ಕೂತಿದ್ದಳು. ಅತ್ತಿರಲಿಲ್ಲ, ಯಾರನ್ನೂ ಏನೂ ಕೇಳಿರಲಿಲ್ಲ. ದೊಡ್ಡವರು ಬಟ್ಟೆ ಮಡಚಿದರೆ ತಾನು ಹೊರಡಬೇಕು ಎಂಬುದು ಅವಳಿಗೆ ರೂಢಿಯಾಗಿತ್ತು.

"ಐ ಆಮ್ ರೆಡಿ," ಎಂದಳು.

ಖಬರಸ್ತಾನದಲ್ಲಿ ಬಾರದ ಅಳು ಖಾದರಿಗೆ ಈಗ ಬಂತು. ಸೂಟ್‌ಕೇಸನ್ನು ಎತ್ತಿಕೊಂಡು ಅವಳ ಕೋಣೆಗೆ ಹೋದರು. ತೆರೆದು, ಒಂದು ಹಿಡಿ ಕಾಲುಚೀಲ ತೆಗೆದರು. ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತರು.

ಸ್ವಲ್ಪ ಹೊತ್ತಿಗೆ ಕೈಲಾ ಬರಿಗಾಲಲ್ಲಿ ಬಂದು ಕೆಳಗಿನ ಡ್ರಾಯರ್ ಎಳೆದಳು.