ಮೇಣದಲ್ಲಿ ಉಳಿದ ಜಯದೇವಪ್ಪ

2008ರ ಜುಲೈ ಒಂಬತ್ತು, ಬುಧವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಜಯನಗರದ ಒಂದು ಲ್ಯಾಬಿನ ಬೆಂಚಿನಲ್ಲಿ ಕಮಲಾದೇವಿ ಗಂಡನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಜಯದೇವಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಪರೇಷನ್ನಿನಲ್ಲಿ ತೆಗೆದ ಕರುಳಿನ ಗಡ್ಡೆಯ ಚೂರೊಂದನ್ನು ಆಸ್ಪತ್ರೆಯವರು ಮೇಣದ ಬಿಲ್ಲೆಯೊಳಗೆ ಕಾಪಿಟ್ಟಿದ್ದರು. ಅದೀಗ ಮಡಿಲಿನ ಕವರಿನಲ್ಲಿತ್ತು.

ತೀರಿಕೊಂಡಾಗ ಅವರನ್ನು ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮಾಡಿದ್ದರು. ಇಡಿಯಾಗಿ ಬಯಲಾದರೆಂದೇ ಕಮಲಾದೇವಿ ನಂಬಿದ್ದರು. ಚೂರೊಂದು ಹೊರಗೇ ಉಳಿದಿದೆ ಎಂದು ತಿಳಿದಂದಿನಿಂದ ಗಂಡ ಕನಸಿಗೆ ಬಂದು, ಏನನ್ನೋ ಮರೆತವರಂತೆ ಮನೆಯೆಲ್ಲ ತಡಕುತ್ತಿದ್ದರು. ಅದನ್ನು ಸಮಾಧಿಗೆ ಸೇರಿಸಬೇಕು, ಪರೀಕ್ಷೆಗೆಂದು ಕೊಯ್ಯಕೂಡದು ಎಂಬುದು ಕಮಲಾದೇವಿಯ ಹಟ.

ಮಗಳು ಶಿಲ್ಪಶ್ರೀ ವಾರದಿಂದ ಬಿಡಿಸಿ ಹೇಳುತ್ತಿದ್ದಳು. ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ತಪ್ಪುಗಳಾಗುತ್ತವೆ. ಅವನ್ನು ತಿದ್ದಲೆಂದೇ ಕೆಲವು ಜೀನ್‌ಗಳಿವೆ; ಅವು ಕೆಟ್ಟರೆ ಕ್ಯಾನ್ಸರ್ ಬೇಗ ಹತ್ತುತ್ತದೆ. ಅಂಥದೊಂದು ಅಪ್ಪನಲ್ಲಿ ಹುಟ್ಟಿನಿಂದಲೇ ಕೆಟ್ಟಿದ್ದರೆ ತನಗೂ ಬಂದಿರುವ ಸಂಭವ ಅರ್ಧಕ್ಕರ್ಧ. ಯಾವ ಜೀನ್ ಎಂಬ ಸುಳಿವು ಈ ಚೂರಿನಲ್ಲಿ ಸಿಕ್ಕರೆ ತನ್ನ ರಕ್ತದಲ್ಲೂ ಹುಡುಕಿಸಬಹುದು, ಇದ್ದರೆ ವರ್ಷ ವರ್ಷ ಕರುಳು ನೋಡಿಸಿಕೊಳ್ಳಬಹುದು. ಸೋದರತ್ತೆ ಅಮ್ಮಣ್ಣಿ ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋದಾಗ ನಲವತ್ತೊಂದು, ಅಪ್ಪನಿಗೆ ನಲವತ್ತಾರು. ಒಂದೇ ಮನೆಯಲ್ಲಿ ಇಷ್ಟು ಚಿಕ್ಕ ವಯಸ್ಸಿನ ಎರಡು ಸಾವೇ ಅವಳ ಅನುಮಾನಕ್ಕೆ ಕಾರಣ.

“ಅಪ್ಪ ಇದ್ದಿದ್ರೆ ಕೊಡ್ತಿರ್ಲಿಲ್ವಾಮ್ಮ?”

“ಅವರಾ? ಮಳೇಲಿ ಕಂಡೋರಿಗೆಲ್ಲ ಛತ್ರಿ ಕೊಟ್ಟು ತಾವು ನೆಂದ್ಕೊಂಡು ಬರ್ತಿದ್ರು.”

ಹಾಗೆಂದ ಮೇಲೆ ಕಮಲಾದೇವಿಗೆ ತನ್ನ ಮಾತು ತನಗೇ ಕೇಳಿಸಿತು. ಕವರನ್ನು ಮಗಳ ಕೈಗಿಟ್ಟರು. ಕೊಯ್ಯುವಾಗ ತಾನು ಜೊತೆಗಿರಬೇಕು, ಉಳಿದದ್ದು ಮಣ್ಣಿಗೆ ಸೇರಬೇಕು ಎಂದರು.

ಲ್ಯಾಬಿನ ಮೌನೇಶ ಗದಗದ ಕಡೆಯವನು. ಹೊರಗಿನವರನ್ನು ಬಿಡುವ ವಾಡಿಕೆಯಿಲ್ಲದಿದ್ದರೂ, “ಒಳಗ ಬರ್ರಿ ಅವ್ವಾರ,” ಎಂದು ಸ್ಟೂಲು ಎಳೆದು ಕೊಟ್ಟ. ಕೊಯ್ಯುವ ಯಂತ್ರದ ಚಕ್ರ ತಿರುಗಿಸಿದಂತೆ ಅಲಗಿನಿಂದ ಮೇಣದ ಪದರಗಳು ಸದ್ದಿಲ್ಲದೆ ಇಳಿದವು. ಬೆಚ್ಚನೆಯ ನೀರಿನ ಮೇಲೆ ಬಿಟ್ಟೊಡನೆ, ಸುಕ್ಕು ತಾನಾಗಿ ಬಿಚ್ಚಿಕೊಂಡು, ಹಾಲಿನ ಕೆನೆಗಿಂತ ತೆಳ್ಳಗೆ ತೇಲಿದವು. ಒಂದೊಂದರ ನಡುವೆಯೂ ಮಸುಕಾದ ದ್ವೀಪದಂತೆ ಆ ಚೂರು. ರಸ್ತೆಯ ಹಾರನ್ನುಗಳು ದೂರ ಸರಿದವು. ಕೋಣೆಯೇ ನೀರಿನ ಮೇಲಿದ್ದಂತೆ ಕಮಲಾದೇವಿಗೆ ಅನಿಸಿತು. ಗಾಜಿನ ಪಟ್ಟಿ ಅದ್ದಿ ಮೌನೇಶ ನಾಲ್ಕು ಪದರಗಳನ್ನು ಎತ್ತಿಕೊಂಡ.

“ಅವರನ್ನ ಎಷ್ಟು ತಗೊಂಡ್ಯಪ್ಪ?” ಎಂದು ಕಮಲಾದೇವಿ ಕೇಳಿದರು.

ಮೌನೇಶ ಯಂತ್ರದ ಲೆಕ್ಕ ನೋಡಿ, ಮೇಲ್ಮೈ ಸಮ ಮಾಡಲು ಹೆರೆದದ್ದನ್ನೂ ಸೇರಿಸಿದ. ಮಿಲಿಮೀಟರಿನ ಸಾವಿರ ಪಾಲಿನಲ್ಲೊಂದು ಒಂದು ಮೈಕ್ರಾನ್. ತೆಗೆದದ್ದು ಅರವತ್ತು ಮೈಕ್ರಾನ್, ಒಂದು ತಲೆಗೂದಲಿನ ದಪ್ಪ. ಉಳಿದದ್ದೆಲ್ಲ ಬಿಲ್ಲೆಯಲ್ಲೇ ಇತ್ತು, ಮಣ್ಣಿಗೆ ಸೇರಲು.