ಹರಿಣಾಕ್ಷಿಯ ಮೂಗು

ಕಾಪು ಪೇಟೆಯಲ್ಲಿ ಒಣಮೀನು ಮಾರುವ ಹೆಂಗಸರ ಪೈಕಿ ಹರಿಣಾಕ್ಷಿಯ ಮೂಗಿಗೆ ದೊಡ್ಡ ಹೆಸರಿತ್ತು. ಮಲ್ಪೆಯಿಂದ ಬಂದ ಬಂಗುಡೆಯ ಕಿವಿರು ಎತ್ತಿ ಒಮ್ಮೆ ಮೂಸಿದಳೆಂದರೆ ಅದು ಮಂಜುಗಡ್ಡೆಯಲ್ಲಿ ಎಷ್ಟು ದಿನ ಮಲಗಿತ್ತೆಂದು ಹೇಳಿಬಿಡುತ್ತಿದ್ದಳು. ಉಪ್ಪು ಸಾಲದ ನಂಗು ಮೀನು, ಬಿಸಿಲು ಸಾಲದ ಸಿಗಡಿ ಅವಳ ಬುಟ್ಟಿಯ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಅಂಥವಳಿಗೆ ತನ್ನದೇ ಮನೆಯ ಒಂದು ಕೋಣೆಯ ವಾಸನೆ ಎಲ್ಲಿಂದ ಬರುತ್ತದೆಂದು ಬೇಸಿಗೆ ಅರ್ಧ ಮುಗಿದರೂ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅವಳು ಮೂಸಿ ನೋಡಿರಲೇ ಇಲ್ಲ. ಅದು ತನ್ನ ಒಣಮೀನಿನದ್ದೇ ವಾಸನೆ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು.

ಆ ಕೋಣೆ ಮಗ ಜಿತೇಶ್ ಮತ್ತು ಸೊಸೆ ಚೈತಾಲಿಯದು. ಮದುವೆಯ ಹೊತ್ತಿಗೆ ಅದಕ್ಕೆ ಎ.ಸಿ. ಹಾಕಿಸಿದ್ದರು. ಚೈತಾಲಿ ಬಜಗೋಳಿಯ ಕಡೆಯ ಕೃಷಿಕರ ಮನೆಯ ಹುಡುಗಿ, ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ. ಈಗ ಬಸುರಿ. ಸಂಜೆ ಉಡುಪಿಯಲ್ಲಿ ಬಸ್ಸು ಬದಲಿಸಿ, ಬೆವರು ಸುರಿಸಿಕೊಂಡು ಬಂದು ಕೋಣೆಗೆ ಹೋಗಿ ಎ.ಸಿ. ಹಾಕಿದರೆ ಮೊದಲ ಗಾಳಿಯಲ್ಲೇ ಒದ್ದೆ ಗೋಣಿಚೀಲವನ್ನು ಮುಖಕ್ಕೆ ಒತ್ತಿದ ಹಾಗೆ ಹುಳಿ ವಾಸನೆ. ಅವಳು ಏನೂ ಹೇಳದೆ ಹೊರಗೆ ಬಂದು ಜಗಲಿಯಲ್ಲಿ ಕುಳಿತು ನೋಟುಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಅವಳು ಹೇಳದೆ ಇದ್ದದ್ದೇ ಹರಿಣಾಕ್ಷಿಗೆ ಹೆಚ್ಚು ಚುಚ್ಚಿತು. ಒಳ್ಳೆಯ ಹುಡುಗಿ, ಅತ್ತೆಯ ಕಸುಬಿನ ಬಗ್ಗೆ ಮಾತಾಡಲು ಸಂಕೋಚ ಎಂದುಕೊಂಡಳು. ಮೀನಿನ ಚೀಲಗಳನ್ನು ಹಿಂದಿನ ಕೋಣೆಯಿಂದ ಹಿತ್ತಲಿನ ಶೆಡ್ಡಿಗೆ ಸಾಗಿಸಿದಳು. ಪೇಟೆಯಿಂದ ಬಂದರೆ ಹಿತ್ತಲ ಬಚ್ಚಲಲ್ಲಿ ಮಿಂದು ಸೀರೆ ಬದಲಿಸಿಯೇ ಒಳಗೆ ಕಾಲಿಡುತ್ತಿದ್ದಳು. ಮನೆಯಲ್ಲಿ ಒಣಮೀನು ಹುರಿಯುವುದನ್ನೂ ನಿಲ್ಲಿಸಿದಳು. ಇದೆಲ್ಲದರ ಮೇಲೆ, ಸಂಜೆ ಸೊಸೆ ಬರುವ ಮುಂಚೆ ತೆಂಗಿನ ಗೆರಟೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಆ ಕೋಣೆಯಲ್ಲಿಟ್ಟು, ಬಾಗಿಲು ಕಿಟಕಿ ಭದ್ರ ಮಾಡಿ, ಎ.ಸಿ. ಹಾಕಿ ಬರುತ್ತಿದ್ದಳು. ಗಾಳಿ ತಿರುಗಿದರೆ ಪರಿಮಳ ಮೂಲೆಮೂಲೆಗೂ ಹೋಗುತ್ತದೆಂಬುದು ಅವಳ ಲೆಕ್ಕಾಚಾರ. ಆದರೆ ವಾಸನೆ ಕಡಿಮೆಯಾಗಲಿಲ್ಲ. ಅವಳು ಸಾಂಬ್ರಾಣಿ ಹೆಚ್ಚು ಹಾಕಿದಳು. ವಾಸನೆಯೂ ಹೆಚ್ಚಾಯಿತು.

ಕಡೆಗೆ ಚೈತಾಲಿಯ ತಾಯಿ ಮಗಳನ್ನು ನೋಡಲು ಬಂದರು. ಕೋಣೆಯೊಳಗೆ ಹೋದವರು ಸೆರಗನ್ನು ಮೂಗಿಗೆ ಹಿಡಿದುಕೊಂಡು ತಕ್ಷಣ ಹೊರಗೆ ಬಂದದ್ದನ್ನು ಹರಿಣಾಕ್ಷಿ ಅಡುಗೆಮನೆಯ ಬಾಗಿಲಿನಿಂದ ಕಂಡಳು. ಆಮೇಲೆ ಎಲ್ಲರೂ ಚಹಾ ಕುಡಿದರು, ಹಲಸಿನ ಹಪ್ಪಳದ ಮಾತಾಡಿದರು. ಅವರು ಬಸ್ಸು ಹತ್ತಿದ ಮೇಲೆ ಹರಿಣಾಕ್ಷಿ ಸೀದಾ ಬೇಬಿಯ ಮನೆಗೆ ಹೋದಳು. ಬೇಬಿ ಪೇಟೆಯಲ್ಲಿ ಅವಳ ಪಕ್ಕದಲ್ಲೇ ಕುಳಿತು ಮಾರುವವಳು, ಚಿಕ್ಕಂದಿನ ಗೆಳತಿ. ಭಾನುವಾರ ಸಂಜೆ ಬಂದು ನನ್ನ ಬುಟ್ಟಿ, ಚಾಪೆ, ಉಳಿದ ಮೀನು ಎಲ್ಲವನ್ನೂ ತೆಗೆದುಕೊಂಡು ಹೋಗು, ಜಾಗವೂ ನಿನಗೇ ಇರಲಿ, ನಾನು ಬಿಟ್ಟೆ ಎಂದಳು. ಮಳೆಗಾಲಕ್ಕೆ ಮನೆಮನೆಯವರೂ ಒಣಮೀನು ಕೂಡಿಡುವ ಮೇ ತಿಂಗಳು. ಈ ಹೊತ್ತಿನಲ್ಲಿ ಕಸುಬು ಬಿಡುವವರುಂಟೇ ಎಂದು ಬೇಬಿ ಬೈದಳು. ಹರಿಣಾಕ್ಷಿ ಕಾರಣ ಹೇಳಲಿಲ್ಲ. ಗಂಡ ತಾರಾನಾಥ ಬೋಟಿನಲ್ಲಿ ಸಮುದ್ರದ ಮೇಲಿದ್ದ. ಅವನಿಗೂ ಹೇಳಲಿಲ್ಲ. ಹುಟ್ಟುವ ಮಗುವಿಗಿಂತ ಮೀನು ಹೆಚ್ಚೇ ಎಂದು ತನಗೆ ತಾನೇ ಹೇಳಿಕೊಂಡಳು, ಅಷ್ಟೇ. ಆದರೆ ಆ ರಾತ್ರಿ ಊಟ ರುಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಜಿತೇಶ್ ಶಿರ್ವದ ಲಿಯೋನೆಲ್‌ನನ್ನು ಕರೆಸಿದ. ಲಿಯೋನೆಲ್ ಬಹಳ ವರ್ಷ ದೋಹಾದಲ್ಲಿ ಎ.ಸಿ. ಕೆಲಸ ಮಾಡಿ ಬಂದವನು, ದಪ್ಪ ಹೊಟ್ಟೆ, ಬಾಯಿ ತುಂಬ ಮಾತು. ಹಿಂದಿನ ತಿಂಗಳು ಒಮ್ಮೆ ಬಂದು ನಿಂಬೆ ಪರಿಮಳದ ಯಾವುದೋ ಸ್ಪ್ರೇ ಹೊಡೆದು ಹೋಗಿದ್ದ. ವಾರ ಕಳೆಯುವಷ್ಟರಲ್ಲಿ ನಿಂಬೆಯೂ ಹುಳಿಯೂ ಸೇರಿ ಇನ್ನೊಂದು ಬಗೆಯ ವಾಸನೆಯಾಗಿತ್ತು.

ಜಿತೇಶ್ ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನಾದ್ದರಿಂದ ತಂಪಿನ ವಿಷಯವೆಲ್ಲ ತನಗೆ ಗೊತ್ತು ಎಂಬ ಭಾವನೆ ಅವನಿಗಿತ್ತು. ಮೊದಲು ಗ್ಯಾಸ್ ಸೋರುತ್ತಿದೆ ಎಂದ. ಲಿಯೋನೆಲ್ ಒಪ್ಪಲಿಲ್ಲ, ಸೋರಿದ್ದರೆ ತಂಪೇ ಆಗುತ್ತಿರಲಿಲ್ಲ ಎಂದ. ಆಮೇಲೆ ಜಿತೇಶ್ ಕಿಟಕಿಯ ಹೊರಗೆ ಕೈ ತೋರಿಸಿದ. ಗೋಡೆಗೆ ಎ.ಸಿ.ಯ ಹೊರಗಿನ ಯಂತ್ರ ಹಾಕಿತ್ತು, ಅದರ ಕೆಳಗೇ ಅಂಗಳದಲ್ಲಿ ಸಿಗಡಿಯ ಚಾಪೆಗಳು ಹರಡಿದ್ದವು. ಅದು ಮೀನಿನ ಗಾಳಿಯನ್ನು ಎಳೆದು ಒಳಗೆ ಬಿಡುತ್ತಿರಬೇಕು ಎಂದು ಮೆಲ್ಲಗೆ ಹೇಳಿದ. ಬಾಗಿಲ ಬಳಿ ನಿಂತಿದ್ದ ಹರಿಣಾಕ್ಷಿ ತಲೆ ತಗ್ಗಿಸಿದಳು.

ಲಿಯೋನೆಲ್ ನಕ್ಕ. "ಐಸಿನ ಕಾರ್ಖಾನೆಯಲ್ಲಿ ನಿನಗೆ ಸಂಬಳ ಕೊಡುವುದು ಎಂತಕ್ಕೆ ಮಾರಾಯ? ಹೊರಗಿನ ಮಷೀನು ಇಲ್ಲಿನ ಸೆಕೆಯನ್ನು ಹೊರಗೆ ಚೆಲ್ಲುವುದು ಮಾತ್ರ. ಗಾಳಿ ಇದೇ ಕೋಣೆಯದ್ದು. ಇದ್ದದ್ದನ್ನೇ ಎಳೆದು ತಂಪು ಮಾಡಿ ತಿರುಗಿ ಬಿಡುವುದು."

ಹರಿಣಾಕ್ಷಿ ತಲೆ ಎತ್ತಿದಳು. ಗಾಳಿ ಇದೇ ಕೋಣೆಯದ್ದಾದರೆ ಮೀನು ಈ ಕೋಣೆಗೆ ಬಂದದ್ದು ಯಾವಾಗ? ಮೀನು ಬಿಡಿ, ತಾನೇ ಮೀಯದೆ ಇಲ್ಲಿಗೆ ಬಂದವಳಲ್ಲ. ಇಷ್ಟು ದಿನ ಅವಳು ಮಾಡದೆ ಇದ್ದ ಕೆಲಸವನ್ನು ಆಗ ಮಾಡಿದಳು. ಕೋಣೆಯ ನಡುವೆ ನಿಂತು, ಕಣ್ಣು ಮುಚ್ಚಿ, ಪೇಟೆಯಲ್ಲಿ ಮೂಸುವ ಹಾಗೆ ಉಸಿರು ಎಳೆದಳು. ಹುಳಿ ಇತ್ತು, ಒದ್ದೆ ಇತ್ತು. ಉಪ್ಪುಮೀನಿನ ಸುಳಿವೇ ಇರಲಿಲ್ಲ.

ಲಿಯೋನೆಲ್ ಅಷ್ಟರಲ್ಲಿ ಚೀಲದಿಂದ ಅದೇ ಸ್ಪ್ರೇ ಹೊರತೆಗೆದಿದ್ದ. ಹರಿಣಾಕ್ಷಿ ಅವನ ಕೈ ತಡೆದಳು.

"ಸೆಂಟು ಬೇಡ ಲಿಯೋನೆಲ್. ಇಡೀ ಬುಟ್ಟಿ ಮೂಸಿದರೆ ಕೆಟ್ಟ ಮೀನು ಯಾವುದು ಅಂತ ಗೊತ್ತಾಗುವುದಿಲ್ಲ. ಒಂದೊಂದೇ ತೆಗೆದು ನೋಡಬೇಕು. ನೀನು ಬಿಚ್ಚಿ ಕೊಡು, ನಾನು ನೋಡ್ತೇನೆ."

"ಅಕ್ಕ, ದೋಹಾದಲ್ಲಿ ಹೀಗೆ ಯಾರೂ ಮಾಡಿಸಲಿಲ್ಲ ನನ್ನ ಹತ್ತಿರ," ಎಂದ ಅವನು. ಆದರೂ ಸ್ಪ್ರೇ ಚೀಲಕ್ಕೆ ಹಾಕಿ ಏಣಿ ಹತ್ತಿದ.

ಮೊದಲು ಬಂದದ್ದು ಜಾಳಿಗೆಯಂಥ ಫಿಲ್ಟರ್. ಧೂಳು ಉಣ್ಣೆಯ ಹಾಗೆ ಕಟ್ಟಿಕೊಂಡಿತ್ತು. ಹರಿಣಾಕ್ಷಿ ಮೂಸಿ, ಧೂಳು ಮತ್ತು ತಲೆಗೆ ಹಾಕುವ ತೆಂಗಿನೆಣ್ಣೆ, ತೊಳೆದರೆ ಹೋಗುತ್ತದೆ ಎಂದು ಬದಿಗಿಟ್ಟಳು. ಆಮೇಲೆ ನೀರು ಹೋಗುವ ಪೈಪು. ಅದರ ತುದಿ ಹೊರಗೆ ಬಾಳೆಗಿಡದ ಬುಡದಲ್ಲಿತ್ತು. ಈ ಸೆಕೆಗೆ ಬಾಲ್ದಿಗಟ್ಟಲೆ ನೀರು ಬೀಳಬೇಕಿತ್ತು, ಬೀಳುತ್ತಿದ್ದದ್ದು ತೊಟ್ಟು ತೊಟ್ಟು. ಒಳಗೆಲ್ಲೋ ಕಟ್ಟಿದೆ ಎಂದ ಲಿಯೋನೆಲ್. ಪೈಪಿನ ತುದಿಯಲ್ಲಿ ಕೋಣೆಯದ್ದೇ ಹುಳಿ ವಾಸನೆ ಸಿಕ್ಕಿತು, ಆದರೆ ತೆಳುವಾಗಿ. ಹುಳಿ ಇಲ್ಲಿ ಹುಟ್ಟಿದ್ದಲ್ಲ, ಮೇಲಿನಿಂದ ಇಳಿದು ಬಂದದ್ದು ಎಂದು ಹರಿಣಾಕ್ಷಿಗೆ ಅನ್ನಿಸಿತು.

ಲಿಯೋನೆಲ್ ಮುಂದಿನ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದ. ಒಳಗೆ ಒತ್ತೊತ್ತಾಗಿ ನಿಲ್ಲಿಸಿದ ತಗಡಿನ ಹಾಳೆಗಳ ಮೇಲೆ ಕಪ್ಪಗೆ, ಅಂಟಂಟಾಗಿ ಏನೋ ಹಿಡಿದಿತ್ತು. ಕೆಳಗಿನ ತಟ್ಟೆಯಲ್ಲಿ ಅದೇ ಕರಗಿ ಲೋಳೆಯಾಗಿತ್ತು. ಇಂಥದ್ದನ್ನು ಹೋಟೆಲಿನ ಅಡುಗೆಮನೆಯಲ್ಲಿ ಕಂಡದ್ದುಂಟು, ಮಲಗುವ ಕೋಣೆಯಲ್ಲಿ ಕಂಡಿಲ್ಲ ಎಂದು ಅವನು ಅದನ್ನು ಉಗುರಿನಲ್ಲಿ ಕೆರೆದು ಕೆಳಗೆ ಚಾಚಿದ. ಹರಿಣಾಕ್ಷಿ ಹೆಬ್ಬೆರಳಿಗೆ ಹಚ್ಚಿಕೊಂಡು ತಿಕ್ಕಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಮೇಲೆ ಹುಳಿ. ಹುಳಿಯ ಅಡಿಯಲ್ಲಿ ಸುಟ್ಟ ಗೆರಟೆ. ಅದರ ಅಡಿಯಲ್ಲಿ ಅವಳು ದಿನವೂ ಮುಷ್ಟಿಯಲ್ಲಿ ಹಿಡಿದು ಕೆಂಡಕ್ಕೆ ಎಸೆಯುತ್ತಿದ್ದದ್ದು.

ಕಿಟಕಿಯ ಕಟ್ಟೆಯ ಮೇಲೆ ಧೂಪದ ಪಾತ್ರೆ ಕುಳಿತಿತ್ತು.

"ಸಾಂಬ್ರಾಣಿ," ಎಂದಳು ಹರಿಣಾಕ್ಷಿ. "ನಾನೇ ಹಾಕಿದ್ದು."

ಲಿಯೋನೆಲ್ ಎಲ್ಲ ಕೇಳಿ ತಿಳಿದುಕೊಂಡ. ಈ ಹಾಳೆಗಳು ತಣ್ಣೀರಿನ ಚೊಂಬಿನ ಹೊರಮೈ ಹಾಗೆ ಯಾವಾಗಲೂ ಬೆವರುತ್ತಿರುತ್ತವೆ, ಶುರುವಿನಲ್ಲಿ ಅದಕ್ಕೆ ಒಂದಿಷ್ಟು ಧೂಳು ಹಿಡಿದು ಸಣ್ಣ ಮುಗ್ಗಲು ವಾಸನೆ ಬಂದಿರಬೇಕು, ತೊಳೆದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು ಎಂದು ವಿವರಿಸಿದ. ಬಾಗಿಲು ಮುಚ್ಚಿ ಹೊಗೆ ಹಾಕಿದ್ದರಿಂದ ಎ.ಸಿ. ಹೊಗೆಯನ್ನೆಲ್ಲ ಎಳೆದುಕೊಂಡು ಒದ್ದೆ ಮೈಗೆ ಮೆತ್ತಿಕೊಂಡಿದೆ. ಜಿಡ್ಡು ಇಳಿದು ಪೈಪು ಕಟ್ಟಿದೆ, ನಿಂತ ನೀರು ಹುಳಿತಿದೆ. ಮೇಲಿಂದ ತನ್ನ ನಿಂಬೆ ಸ್ಪ್ರೇ ಬೇರೆ ಎಂದು ತನ್ನ ಪಾಲನ್ನೂ ಸೇರಿಸಿದ.

ಚೈತಾಲಿ ಯಾವಾಗ ಬಂದು ಹಿಂದೆ ನಿಂತಿದ್ದಳೋ ಯಾರೂ ಗಮನಿಸಿರಲಿಲ್ಲ. ಅತ್ತೆಯನ್ನು ಅವಳು ಮಾಮಿ ಎಂದೇ ಕರೆಯುತ್ತಿದ್ದದ್ದು.

"ಮಾಮಿ, ನೀವು ದಿನಾ ಹೊಗೆ ಹಾಕಿದ್ದು ಎಂತಕ್ಕೆ? ನಾನು ಸೊಳ್ಳೆಗೆ ಅಂತ ಎಣಿಸಿದ್ದೆ."

"ಮೀನಿನ ವಾಸನೆಗೆ. ನಿನಗೆ ಆಗುವುದಿಲ್ಲ ಅಲ್ವಾ. ನಿನ್ನ ಅಮ್ಮನೂ ಮೂಗು ಮುಚ್ಚಿಕೊಂಡರು."

"ಅಮ್ಮನಿಗೆ ದಮ್ಮು ಉಂಟು, ಹೊಗೆ ಆಗುವುದಿಲ್ಲ. ಬಸ್ಸಲ್ಲಿ ಊದುಬತ್ತಿ ಹಚ್ಚಿದರೂ ಇಳಿದುಬಿಡ್ತಾರೆ. ಮೀನಿನ ವಾಸನೆ ನನಗೆ ಆಗುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು ಚೈತಾಲಿ. ಮತ್ತೆ ಮುಂದುವರಿಸಿದಳು, "ಒಂದು ತಿಂಗಳಿಂದ ನನಗೆ ಒಣ ಸಿಗಡಿಯ ಚಟ್ನಿ ತಿನ್ನಬೇಕು ಅಂತ ಆಸೆ. ನೀವು ಮಾಡುವುದೇ ಬಿಟ್ಟಿರಿ. ಬಸುರಿಗೆ ಕೊಡಬಾರದು ಅಂತ ಇರಬೇಕು ಅಂತ ನಾನು ಕೇಳಲಿಲ್ಲ."

ಹರಿಣಾಕ್ಷಿ ಸೊಸೆಯ ಮುಖ ನೋಡಿದಳು. ನಗು ಬಂತು, ಕಣ್ಣಿನಲ್ಲಿ ನೀರೂ ಬಂತು. ಎರಡನ್ನೂ ಬದಿಗಿಟ್ಟು ಬಾಲ್ದಿ ತರಲು ಹೋದಳು.

ಮಧ್ಯಾಹ್ನದವರೆಗೆ ಕೆಲಸ ನಡೆಯಿತು. ಲಿಯೋನೆಲ್ ಯಂತ್ರದ ಕೆಳಗೆ ಪ್ಲಾಸ್ಟಿಕ್ ಜೋಳಿಗೆ ಕಟ್ಟಿ, ಹಾಳೆಗಳಿಗೆ ನೊರೆ ಹಾಕಿ ನೆನೆಯಲು ಬಿಟ್ಟು, ಪಂಪಿನಿಂದ ನೀರು ಹೊಡೆದ. ಜೋಳಿಗೆಯಿಂದ ಬಾಲ್ದಿಗೆ ಇಳಿದ ನೀರು ಮೊದಲು ಡಾಂಬರಿನ ಹಾಗೆ, ಆಮೇಲೆ ಚಹಾದ ಹಾಗೆ, ಕಡೆಗೆ ಸುಮ್ಮನೆ ನೀರಿನ ಹಾಗೆ ಬಂತು. ಗಾಳಿ ದೂಡುವ ಉರುಳೆಯನ್ನು ಬ್ರಷ್ಷಿನಿಂದ ಉಜ್ಜಿದ. ಪೈಪಿಗೆ ಗಾಳಿ ಊದಿ ಕಪ್ಪು ಗಡ್ಡೆಯೊಂದನ್ನು ಬಾಳೆಯ ಬುಡಕ್ಕೆ ಉದುರಿಸಿದ. ಜಿತೇಶ್ ಫಿಲ್ಟರ್ ತೊಳೆದು ನೆರಳಿನಲ್ಲಿ ಒಣಗಿಸಿದ. ಎರಡು ವಾರಕ್ಕೊಮ್ಮೆ ಹೀಗೆ ತೊಳೆಯಬೇಕು, ಎ.ಸಿ. ಆರಿಸುವ ಮುಂಚೆ ಸ್ವಲ್ಪ ಹೊತ್ತು ಬರೀ ಫ್ಯಾನಿನಲ್ಲಿ ಓಡಿಸಿ ಒಳಗನ್ನು ಒಣಗಿಸಬೇಕು ಎಂದು ಲಿಯೋನೆಲ್ ಹೇಳಿಕೊಟ್ಟ. ಒಣಗಿಸದೆ ಇಟ್ಟದ್ದು ಕೆಡುತ್ತದೆ ಎಂಬುದನ್ನು ಹರಿಣಾಕ್ಷಿಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ.

ಎಲ್ಲ ಜೋಡಿಸಿ ಎ.ಸಿ. ಹಾಕಿದರು. ಮೂವರೂ ಹರಿಣಾಕ್ಷಿಯ ಕಡೆ ನೋಡಿದರು. ಅವಳು ಗಾಳಿಗೆ ಮುಖವೊಡ್ಡಿ ನಿಂತಳು. ಏನೂ ಇಲ್ಲ. ನಂಬದೆ ಮತ್ತೆ ಮೂಸಿದಳು. ಒಗೆದು ಒಣಗಿಸಿದ ಬಟ್ಟೆಯಷ್ಟೂ ಇಲ್ಲ. ತಲೆಯಾಡಿಸಿದಳು. ಚೈತಾಲಿ ಆಗಲೇ ಕಾಲು ಚಾಚಿ ಮಂಚದ ಮೇಲೆ ಮಲಗಿಯಾಗಿತ್ತು.

ಲಿಯೋನೆಲ್ ಹೊರಡುವಾಗ ಮಜೂರಿಯ ಜೊತೆಗೆ ಒಣ ನಂಗು ಒಂದು ಕಟ್ಟು ಕೇಳಿ ತೆಗೆದುಕೊಂಡ. ಕಟ್ಟನ್ನು ತಾನೂ ಒಮ್ಮೆ ಗಂಭೀರವಾಗಿ ಮೂಸಿ ನೋಡಿ ಬೈಕು ಹತ್ತಿದ.

ಸಂಜೆ ಬೇಬಿ ಆಟೋ ಮಾಡಿಕೊಂಡು ಬಂದಳು. ಅಡುಗೆಮನೆಯಲ್ಲಿ ಹರಿಣಾಕ್ಷಿ ಸಿಗಡಿ ಹುರಿಯುತ್ತಿದ್ದಳು, ಚೈತಾಲಿ ಪಕ್ಕದಲ್ಲಿ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಳು. ವಾಸನೆ ಗೇಟಿನವರೆಗೂ ಬಂದಿತ್ತು.

"ಬುಟ್ಟಿ ಎಲ್ಲಿ?" ಎಂದಳು ಬೇಬಿ.

"ಕೊಡುವುದಿಲ್ಲ."

ಬೇಬಿ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಬೆವರು ಒರೆಸಿಕೊಂಡಳು. "ಒಳ್ಳೆಯದಾಯಿತು. ನಿನ್ನ ಗಿರಾಕಿಗಳ ಬಾಯಿಗೆ ಉತ್ತರ ಕೊಡಲು ನನ್ನಿಂದ ಆಗ್ತಿರಲಿಲ್ಲ. ಬಂಗುಡೆ ನೋಡಿದವರೆಲ್ಲ, ಹರಿಣಾಕ್ಷಿ ಮೂಸಿದ್ದಾ ಅಂತ ಕೇಳುವವರೇ. ಈಗ ಆಟೋದವನಿಗೆ ಎಂತ ಹೇಳುವುದು?"

"ಊಟ ಮಾಡಿಕೊಂಡು ಹೋಗಲಿಕ್ಕೆ ಹೇಳು," ಎಂದಳು ಹರಿಣಾಕ್ಷಿ. ಬಾಣಲೆಯನ್ನು ಸೊಸೆಯ ಕೈಗೆ ಕೊಟ್ಟು ಅಂಗಳಕ್ಕೆ ಇಳಿದಳು. ಬಿಸಿಲು ತೆಂಗಿನ ತಲೆಯವರೆಗೆ ಏರಿತ್ತು. ಕತ್ತಲಾಗುವ ಮುಂಚೆ ಚಾಪೆಯ ಸಿಗಡಿಯನ್ನು ಒಳಗೆ ತೆಗೆಯಬೇಕಿತ್ತು.