ಬೆಚ್ಚಗಿನ ಅಂಗೈ

ಕರುವಿನ ಚರ್ಮವನ್ನು ಆಮ್ಲದಲ್ಲಿ ನೆನೆಸಿ, ಸೋಸಿ, ಶುದ್ಧಗೊಳಿಸಿದ ಕೊಲಾಜೆನ್ ಎಂಬ ಪ್ರೋಟೀನಿನ ದ್ರಾವಣ ಕೊನೆಗೂ ನೀರಿನಂತೆ ತಿಳಿಯಾಗಿತ್ತು. ಲ್ಯಾಬಿನ ಶೀತಕೋಣೆಯಿಂದ ಹೊರಬಂದ ಮಗಳು, ಊಟದ ಡಬ್ಬಿ ತಂದಿದ್ದ ಅಪ್ಪನ ಕೈಗೆ ಆ ಪುಟ್ಟ ಸೀಸೆ ಕೊಟ್ಟಳು.

“ಜೋಪಾನವಾಗಿ ಹಿಡ್ಕೊಂಡಿರಪ್ಪ, ಐಸ್ ತರ್ತೀನಿ.”

ಬಿಸಿ ತಾಗಿದರೆ ಅದು ಹೆಪ್ಪುಗಟ್ಟಿ ಹಾಳಾಗುತ್ತದೆ ಎಂದು ಹೇಳುವುದನ್ನೇ ಮರೆತಿದ್ದಳು. ಐಸ್ ಯಂತ್ರ ಬೇರೆ ಕೈಕೊಟ್ಟು ತಡವಾಯಿತು.

ಮರಳಿದಾಗ ಅಪ್ಪ ಸೀಸೆಯನ್ನು ಎರಡೂ ಅಂಗೈಗಳ ನಡುವೆ ಹಕ್ಕಿಮರಿಯಂತೆ ಹಿಡಿದು ಕೂತಿದ್ದ. ಒಳಗಿದ್ದದ್ದು ಅಲ್ಲಾಡುತ್ತಿರಲಿಲ್ಲ.

“ತುಂಬಾ ತಣ್ಣಗಿತ್ತಮ್ಮ. ಬೆಚ್ಚಗೆ ಮಾಡಿಟ್ಟಿದ್ದೀನಿ.”

ಅವಳ ಪಿತ್ತ ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ಚಳಿಗೆ ಮರಗಟ್ಟಿದ ತನ್ನ ಬೆರಳುಗಳನ್ನು ನೋಡಿಕೊಂಡಳು. ಸೀಸೆಯನ್ನು ಪಕ್ಕಕ್ಕಿಟ್ಟು, ಖಾಲಿಯಾದ ಆ ಅಂಗೈಗಳ ನಡುವೆ ತನ್ನ ಕೈಗಳನ್ನು ತೂರಿಸಿದಳು.

“ಇವನ್ನೂ ಬೆಚ್ಚಗೆ ಮಾಡಪ್ಪ.”